ಹಿತ್ತಲ ಸೊಪ್ಪು, ಮಕ್ಕಳ ಬುಟ್ಟಿ

ಮುಂಗಾರು ಹಿಡಿಯುತ್ತಿದ್ದಂತೆ ಸಕಲೇಶಪುರ, ಆಲೂರು ಕಡೆಯ ಓದುಗರಿಂದ ಹಿತ್ತಲ ಸೊಪ್ಪಿನ ಬಗ್ಗೆ ಪತ್ರಗಳು ಬಂದಿವೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಕೊಯ್ದು, ಅಡುಗೆ ಮಾಡುವವರಿಗೆ ಉಪಯೋಗವಾಗುವ ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಬೆಳೆದವಳು. ಅತ್ತೆ ಇದ್ದಾಗ ಮಳೆಗಾಲವಿಡೀ ಸಾರಿಗೆ ಹಿತ್ತಲ ಸೊಪ್ಪೇ ಬರುತ್ತಿತ್ತು. ಈಗ ಅವರಿಲ್ಲ. ಆರು ಮತ್ತು ಒಂಬತ್ತು ವರ್ಷದ ಮಕ್ಕಳಿಗೆ ಇದನ್ನೆಲ್ಲ ಕಲಿಸುವ ಆಸೆ. ಎಲ್ಲಿಂದ ಶುರು ಮಾಡಲಿ?
– ಗೃಹಿಣಿ, ಹೊಂಗಡಹಳ್ಳ

ಉತ್ತರ: ಒಂದೆಲಗದಿಂದ ಶುರು ಮಾಡಿ. ತಂಪು ನೆಲದಲ್ಲಿ ಹರಡುವ ಬಳ್ಳಿ ಅದು. ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಪ್ರತಿ ಎಲೆಗೂ ಅದರದೇ ಉದ್ದನೆಯ ತೊಟ್ಟು, ಅಂಚಿನಲ್ಲಿ ಸಣ್ಣ ಕಚ್ಚು, ತೊಟ್ಟು ಸೇರುವ ಕಡೆ ಸೀಳು. ಊರಿನ ಹಿರಿಯರಿಗೆ, ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ಈ ಸೊಪ್ಪುಗಳೆಲ್ಲ ಚೆನ್ನಾಗಿ ಗೊತ್ತು. ಅವರಲ್ಲೊಬ್ಬರನ್ನು ಕರೆದು ಮಕ್ಕಳೆದುರೇ ಗುರುತು ಹೇಳಿಸಿ. ಮೊದಲ ದಿನ ಕೊಯ್ಯುವುದು ಬೇಡ, ನೋಡಿ ಮುಟ್ಟಿ ಮೂಸಿದರೆ ಸಾಕು. ಒಂದು ಗಿಡವನ್ನು ಚಿಗುರು, ಹೂವು, ಕಾಯಿ ಎಲ್ಲದರಲ್ಲೂ ಗುರುತಿಸಲು ಬಂದ ಮೇಲೆ ಎರಡನೆಯದಕ್ಕೆ ಹೋಗಿ.

ಜಾಗವನ್ನೂ ಕಲಿಸಬೇಕು. ಕಾಫಿ ಗಿಡದ ಬುಡದ ಸೊಪ್ಪು ಬೇಡ. ಕೊಳೆರೋಗ ಬಾರದಿರಲೆಂದು ಮಳೆಗೆ ಮುಂಚೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಎಷ್ಟೋ ತೋಟಗಳಲ್ಲಿ ಕಳೆನಾಶಕವೂ ಬೀಳುತ್ತದೆ. ಬಚ್ಚಲ ನೀರು ಹರಿಯುವ, ದನ ಓಡಾಡುವ ಕಡೆಯದೂ ಬೇಡ. ನಿಮ್ಮದು ಆನೆ ಓಡಾಡುವ ಸೀಮೆ. ಮಕ್ಕಳ ಬುಟ್ಟಿ ಹಿತ್ತಲ ಬೇಲಿ ದಾಟದಿರಲಿ.

ಮೊದಲ ಅಡುಗೆ ತಂಬುಳಿಯಾಗಲಿ. ಒಂದು ಹಿಡಿ ಎಲೆಯನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆದು, ಅರ್ಧ ಚಮಚ ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ. ಎರಡು ಚಮಚ ತೆಂಗಿನ ತುರಿ ಸೇರಿಸಿ ರುಬ್ಬಿ, ಒಂದು ಲೋಟ ಮಜ್ಜಿಗೆ, ಉಪ್ಪು ಬೆರೆಸಿ ಒಗ್ಗರಣೆ ಕೊಡಿ. ತೊಳೆಯುವುದು, ಮಜ್ಜಿಗೆ ಕಡೆಯುವುದು ಮಕ್ಕಳ ಪಾಲು. ಒಂದೆಲಗ ತಿಂದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆಂದು ಮಾತ್ರ ಆಸೆ ಹಚ್ಚಬೇಡಿ. ಅನ್ನಕ್ಕೆ ರುಚಿಯಾದರೆ ಅಷ್ಟೇ ಸಾಕು.

ಪ್ರಶ್ನೆ: ಹೋದ ಸಲ ಪತ್ರೊಡೆ ಮಾಡಿದಾಗ ಮಗಳ ಗಂಟಲು ಕೆರೆದು ರಾತ್ರಿಯೆಲ್ಲ ಅತ್ತಳು. ಈಗ ಕೆಸುವಿನ ಎಲೆ ಕಂಡರೇ ಓಡುತ್ತಾಳೆ. ತಪ್ಪು ಎಲ್ಲಾಯಿತು?
– ಒಬ್ಬ ತಾಯಿ, ಆಲೂರು

ಉತ್ತರ: ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಹರಳುಗಳು ಸೂಜಿಯಂತೆ ಇರುತ್ತವೆ. ಗಂಟಲು ಕೆರೆಯುವುದು ಅವು ಚುಚ್ಚುವುದರಿಂದ. ಎಲೆ ಬಲಿತಿದ್ದರೆ, ಹುಳಿ ಕಡಿಮೆಯಾದರೆ, ಬೇಯುವುದು ಸಾಲದಿದ್ದರೆ ಹೀಗಾಗುತ್ತದೆ. ಎಳೆ ಎಲೆಯನ್ನೇ ಕೊಯ್ದು, ದಪ್ಪ ನರಗಳನ್ನು ಹೆರೆದು ತೆಗೆಯಿರಿ. ಎರಡು ಪಾವು ನೆನೆಸಿದ ಅಕ್ಕಿಗೆ ದೊಡ್ಡ ನಿಂಬೆಗಾತ್ರದ ಹುಣಸೆ ಬೇಕೇಬೇಕು. ವಾಟೆಹುಳಿ ಇದ್ದರೆ ಅದೂ ಆದೀತು. ಕೊತ್ತಂಬರಿ ಬೀಜ, ಒಣಮೆಣಸು, ತೆಂಗು, ಬೆಲ್ಲದ ಜೊತೆ ಗಟ್ಟಿಯಾಗಿ ರುಬ್ಬಿ ಎಲೆಯ ಬೆನ್ನಿಗೆ ಹಚ್ಚಿ, ಒಂದರ ಮೇಲೊಂದಿಟ್ಟು ಸುತ್ತಿ, ಹಬೆಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಯಿಸಿ. ಕಾವಲಿಯಲ್ಲಿ ಕೆಂಪಗೆ ಮಾಡುವುದು ಆಮೇಲಿನ ಕೆಲಸ. ಬರೀ ಕಾವಲಿಯ ಬಿಸಿಗೆ ಕೆರೆತ ಹೋಗುವುದಿಲ್ಲ. ಹಸಿ ಎಲೆ ಮುಟ್ಟುವ ಮುಂಚೆ ಮಗಳ ಕೈಗೆ ಕೊಬ್ಬರಿ ಎಣ್ಣೆ ಸವರಿ. ಮೊದಲ ತುಂಡು ನೀವು ತಿಂದು, ಸ್ವಲ್ಪ ಹೊತ್ತು ನೋಡಿ ಅವಳಿಗೆ ಕೊಡಿ.

ಕೆಸುವಿನ ತೊಟ್ಟು ಎಲೆಯ ಸೀಳಿಗೆ ಸೇರದೆ, ಸ್ವಲ್ಪ ಒಳಗೆ ಎಲೆಯ ಬೆನ್ನಿಗೆ ಅಂಟಿರುತ್ತದೆ. ಈ ಒಂದೇ ಗುರುತನ್ನು ನಂಬಬೇಡಿ. ಅಂದಕ್ಕೆ ಬೆಳೆಸುವ ಕ್ಯಾಲೇಡಿಯಂನಲ್ಲೂ ಹಾಗೇ ಇರುವುದುಂಟು. ಕುಂಡದ ಗಿಡಗಳು ಅಡುಗೆಮನೆಗೆ ಬರಲೇಬಾರದು. ಮರದ ಮೇಲಿನ ಮರಕೆಸುವಿಗೆ ಮಕ್ಕಳನ್ನು ಹತ್ತಿಸಬೇಡಿ. ಪಾಚಿ ಹಿಡಿದ ಮರ ಜಾರುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಚಗಟೆ ಸೊಪ್ಪೆಂದು ಎರಡು ಬಗೆಯ ಗಿಡ ತರುತ್ತಾರೆ. ಎರಡನ್ನೂ ತಿನ್ನಬಹುದೆ?
– ಶಿಕ್ಷಕರು, ಸಕಲೇಶಪುರ

ಉತ್ತರ: ಬೇಡ. ಎಲೆದಂಟಿನಲ್ಲಿ ಸಾಮಾನ್ಯವಾಗಿ ಮೂರೇ ಜೊತೆ ಎಲೆ, ತುದಿ ದುಂಡಗೆ ಇದ್ದರೆ ಅದು ಪಲ್ಯದ ಚಗಟೆ. ನಾಲ್ಕೈದು ಜೊತೆ, ತುದಿ ಚೂಪಾಗಿದ್ದರೆ ಅದು ದೊಡ್ಡ ತಗಚೆ, ಆಯುರ್ವೇದದ ಕಾಸಮರ್ದ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಪುಟ್ಟ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾಯಿಲೆಯನ್ನು ಬಹುಕಾಲ ಮೆದುಳು ಜ್ವರವೆಂದೇ ತಿಳಿದಿದ್ದರು. ಆಟವಾಡುತ್ತಾ ಮಕ್ಕಳು ತಿಂದ ಇದೇ ಕಾಸಮರ್ದದ ಬೀಜ ಅದಕ್ಕೆ ಕಾರಣವೆಂದು 2007ರಲ್ಲಿ ಪ್ರಕಟವಾದ ವೈದ್ಯರ ಅಧ್ಯಯನ ತೋರಿಸಿತು. ಎರಡೂ ಗಿಡಗಳನ್ನು ಪಕ್ಕಪಕ್ಕದಲ್ಲಿಟ್ಟು ಮಕ್ಕಳಿಂದಲೇ ಎಲೆಯ ಎಣಿಕೆ ಮಾಡಿಸಿ. ಅಡುಗೆಗೆ ಹೂ ಬಿಡುವ ಮುಂಚಿನ ಚಗಟೆ ಕುಡಿ ಮಾತ್ರ. ರಸ್ತೆ ಬದಿಯದು ಬಿಟ್ಟು, ಚೆನ್ನಾಗಿ ತೊಳೆದು, ಈರುಳ್ಳಿ ತೆಂಗಿನೊಂದಿಗೆ ಪಲ್ಯ ಮಾಡಿದರೆ ಅಕ್ಕಿರೊಟ್ಟಿಗೆ ಹೊಂದುತ್ತದೆ.

ಇದೇ ಪಾಠದಲ್ಲಿ ಮುಟ್ಟಬಾರದ ಗಿಡಗಳನ್ನೂ ತೋರಿಸಿ: ಬೇಲಿಯ ಕಾಡುಹರಳು, ಕಣಗಿಲೆ, ಉಮ್ಮತ್ತಿ, ಗುಲಗಂಜಿ, ಗೌರಿ ಹಬ್ಬಕ್ಕೆ ಅರಳುವ ಅಗ್ನಿಶಿಖೆಯ ಗೆಡ್ಡೆ.

ಪ್ರಶ್ನೆ: ಮೊಮ್ಮಕ್ಕಳು ರಜೆಗೆ ಬಂದಿದ್ದಾರೆ. ಅಣಬೆ, ಕಳಲೆ ಕೀಳಲು ಕರೆದುಕೊಂಡು ಹೋಗಬಹುದೆ? ಬೆಳ್ಳುಳ್ಳಿ ಹಾಕಿ ಬೇಯಿಸಿದಾಗ ಕಪ್ಪಾಗದಿದ್ದರೆ ಅಣಬೆ ಒಳ್ಳೆಯದಂತೆ, ನಿಜವೆ?
– ಒಬ್ಬ ತಾತ, ಯಸಳೂರು

ಉತ್ತರ: ನಿಜವಲ್ಲ. ಬೆಳ್ಳುಳ್ಳಿ, ಬೆಳ್ಳಿ ನಾಣ್ಯ, ಹುಳ ತಿಂದ ಗುರುತು ಇವು ಯಾವುವೂ ವಿಷವನ್ನು ತೋರಿಸಿಕೊಡುವುದಿಲ್ಲ. ಅತಿ ಘೋರವಾದ ಅಣಬೆ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಭೇದಿ ಶುರುವಾಗುವುದೇ ಆರು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ. ಅಷ್ಟರಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದಿರುತ್ತದೆ. ನಿಮಗೆ ಹುತ್ತದ ಅಣಬೆಯ ಗುರುತು ಪಕ್ಕಾ ಇರಬಹುದು, ಮೊಮ್ಮಕ್ಕಳಿಗೆ ಇಲ್ಲ. ಇಂದು ನಿಮ್ಮ ಜೊತೆ ಕಿತ್ತವರು ನಾಳೆ ತಾವೇ ಕೀಳುತ್ತಾರೆ. ಆದ್ದರಿಂದ ಮಕ್ಕಳ ಬುಟ್ಟಿಗೆ ಅಣಬೆ ಬೇಡ.

ಕಳಲೆ ನಿಮ್ಮ ಹಿತ್ತಲ ಬಿದಿರಿನದಾದರೆ ಆದೀತು. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಕಿತ್ತರೆ ಅಪರಾಧ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೆನೆಸಿ, ದಿನವೂ ನೀರು ಬದಲಿಸಿ. ಆಮೇಲೆ ಮುಚ್ಚಳ ಹಾಕದೆ ಕುದಿಸಿ, ಆ ನೀರನ್ನೂ ಚೆಲ್ಲಿ, ಹೆಸರುಕಾಳಿನೊಂದಿಗೆ ಸಾರು ಮಾಡಿ. ನೀರು ಬದಲಿಸುವ ಕೆಲಸ ಮೊಮ್ಮಕ್ಕಳಿಗಿರಲಿ. ಆ ನೀರನ್ನು ದನಕರು ಕುಡಿಯದ ಕಡೆ ಚೆಲ್ಲಿಸಿ.

ಎಲ್ಲರಿಗೂ ಒಂದು ಮಾತು. ದೊಡ್ಡವರಿಗೆ ತೋರಿಸದೆ ಯಾವ ಎಲೆ, ಕಾಯಿಯನ್ನೂ ಬಾಯಿಗಿಡಬಾರದೆಂಬುದು ಮಕ್ಕಳಿಗೆ ಮೊದಲ ಪಾಠವಾಗಲಿ. ಗುರುತು ಅನುಮಾನವಾದರೆ ಅಡುಗೆ ಮಾಡಬೇಡಿ. ಮಗು ಗೊತ್ತಿಲ್ಲದ್ದೇನನ್ನಾದರೂ ತಿಂದಿದ್ದರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ತಿಂದ ಗಿಡದ ತುಂಡನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ.