ಎಂಜಿನ್ನಿನ ಚಕ್ರವನ್ನು ಅದಲು ಬದಲು ಮಾಡುವ ಮುನ್ನ



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಏನೇನು ನೋಡುತ್ತಾರೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಮನೆಯಲ್ಲಿರುವ ಎತ್ತಿಗೆ ಎತ್ತರದಲ್ಲಿಯೂ ನಡಿಗೆಯಲ್ಲಿಯೂ ಜೋಡಿಯಾಗುವುದೋ ಎಂದು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಇಷ್ಟು ಎಚ್ಚರಿಕೆಯುಳ್ಳವರೇ ಗುಜರಿಯಲ್ಲಿ ಹಳೇ ಎಂಜಿನ್ನಿನ ಫ್ಲೈವೀಲ್ ಕೊಳ್ಳುವಾಗ ಮಾತ್ರ, ಷಾಫ್ಟಿಗೆ ಕೂತರೆ ಸಾಕೆಂದು ಹೊತ್ತು ತರುತ್ತಾರೆ.

ಕೊಳವೆ ಬಾವಿ, ಕರೆಂಟಿನ ಮೋಟಾರು ಬಂದ ಮೇಲೆ ಆಯಿಲ್ ಎಂಜಿನ್ನುಗಳು ಕಡಿಮೆಯಾಗಿವೆ, ನಿಜ. ಆದರೂ ಕೃಷಿ ಹೊಂಡದ ದಡದಲ್ಲಿ, ಕಬ್ಬಿನ ಗಾಣದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಹಳೆಯವು ಇನ್ನೂ ಉಂಟು. ಅವಕ್ಕೆ ಹೊಸ ಚಕ್ರ ಸಿಗುವುದು ಕಷ್ಟ. ಆದ್ದರಿಂದಲೇ ಈ ಪಾಠ.

ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನು ಎರಡು ಸುತ್ತಿಗೆ ಒಂದೇ ಸಲ ಬಲ ಕೊಡುತ್ತದೆ. ಮಿಕ್ಕ ಸಮಯದಲ್ಲಿ ಗಾಳಿ ಎಳೆಯುವುದಕ್ಕೂ ಒತ್ತುವುದಕ್ಕೂ ಹೊಗೆ ತಳ್ಳುವುದಕ್ಕೂ ಬೇಕಾದ ಬಲವನ್ನು ಚಕ್ರವೇ ಕೊಡಬೇಕು. ಕುಂಬಾರನು ತಿಗರಿಯನ್ನು ಒಮ್ಮೆ ತಿರುಗಿಸಿಬಿಟ್ಟರೆ ಅದು ತಾನಾಗಿ ಓಡುತ್ತಿರುವುದಿಲ್ಲವೇ, ಹಾಗೆ. ಚಕ್ರದಲ್ಲಿ ಕೂಡಿರುವ ಈ ಬಲ ತೂಕವೊಂದರಿಂದಲೇ ಬರುವುದಲ್ಲ. ಓಟ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ.

ಈಗ ಎರಡು ಎಂಜಿನ್ನುಗಳನ್ನು ಪಕ್ಕಪಕ್ಕದಲ್ಲಿ ಇಡೋಣ. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ 6 ಅಶ್ವಶಕ್ತಿಯ ಹಳೇ ಮಾದರಿ ನಿಮಿಷಕ್ಕೆ 650 ಸುತ್ತಿನದು. ರಾಜಕೋಟೆಯ ಕಾರ್ಖಾನೆಗಳು ಅದೇ ಮಾದರಿಯನ್ನು ನಮ್ಮ ದೇಶದಲ್ಲಿ ಮಾಡಿದವು. ಕಿರ್ಲೋಸ್ಕರ್ ಎವಿ-1 ಎಂಬುದು 5 ಅಶ್ವಶಕ್ತಿಯದು, 1500 ಸುತ್ತಿನದು. (ಆ ಮನೆತನದ ಉದ್ಯಮ 1888ರಲ್ಲಿ ನಮ್ಮ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಹೊರಟದ್ದು.) ಅಶ್ವಶಕ್ತಿ ಹತ್ತಿರ ಹತ್ತಿರವಿದ್ದರೂ ಓಟ ಎರಡೂ ಕಾಲು ಪಟ್ಟಿಗೂ ಹೆಚ್ಚು. 1500 ಸುತ್ತಿನ ಎಂಜಿನ್ನಿನ ಚಕ್ರವನ್ನು ತಂದು 650ರದಕ್ಕೆ ಹಾಕಿದರೆ ಅದರ ಬಲದಲ್ಲಿ ಐದರ ಒಂದು ಪಾಲೂ ಉಳಿಯದು. ಹ್ಯಾಂಡಲ್ ಎಷ್ಟು ತಿರುಗಿಸಿದರೂ ಎಂಜಿನ್ನು ಹತ್ತುವುದು ಕಷ್ಟ. ಹತ್ತಿದರೂ ಏರಿಳಿಯುತ್ತ, ಬೆಲ್ಟು ಚಟಚಟ ಹೊಡೆಯುತ್ತ ನಡೆಯುತ್ತದೆ. ಇದು ನಷ್ಟ ಮಾತ್ರ.

ತಿರುವು ಮುರುವು ಮಾಡಿದರೆ ಪ್ರಾಣಕ್ಕೇ ಅಪಾಯ. 60 ಸೆಂಟಿಮೀಟರ್ ಅಡ್ಡಳತೆಯ, ಕಡ್ಡಿಗಳುಳ್ಳ ಬೀಡಿನ ಚಕ್ರವನ್ನು ತೆಗೆದುಕೊಳ್ಳಿ. 650 ಸುತ್ತಿನಲ್ಲಿ ಅದರ ಅಂಚು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. 1500ರಲ್ಲಿ 47 ಮೀಟರ್. ಇಂಥ ಚಕ್ರಕ್ಕೆ 30 ಮೀಟರ್ ಮೀರಕೂಡದೆಂಬುದು ಎಂಜಿನಿಯರುಗಳ ಹಳೇ ಲೆಕ್ಕ. ಅಂಚನ್ನು ಹರಿಯುವ ಎಳೆತ 5 ಪಟ್ಟಿಗೂ ಹೆಚ್ಚಾಗುತ್ತದೆ. ಬೀಡು ಬಗ್ಗುವ ಲೋಹವಲ್ಲ. ಮುನ್ಸೂಚನೆಯಿಲ್ಲದೆ ಒಡೆದು, ಚೂರುಗಳು ಗೋಡೆ ಸೀಳಿಕೊಂಡು ಹೋಗುತ್ತವೆ. ನಿಧಾನದ ಎಂಜಿನ್ನಿನ ಚಕ್ರವನ್ನು ವೇಗದ ಎಂಜಿನ್ನಿಗೆ ಎಂದಿಗೂ ಹಾಕಕೂಡದು. ಅಗ್ಗವೆಂದು ಹೇಳುವವರ ಮಾತು ಕೇಳಬೇಡಿ.

ಓಟ ಒಂದೇ ಆಗಿದ್ದರೆ? ಆಗಲೂ ಮೊದಲು ತೂತಿನ ಅಳತೆ ನೋಡಿ. ತಗಡು ಸುತ್ತಿ ಬಿಗಿ ಮಾಡುವ ಕೆಲಸ ಬೇಡ. ಮೂಲದ ಚಕ್ರಕ್ಕಿಂತ ಬಹಳ ಭಾರವಾದುದನ್ನು ಸಣ್ಣ ಷಾಫ್ಟಿಗೆ ತೂಗಿಹಾಕಿದರೆ ಬೇರಿಂಗು ಸವೆದು ಕೊನೆಗೆ ಕ್ರ್ಯಾಂಕ್ ಷಾಫ್ಟೇ ಮುರಿಯುತ್ತದೆ. ಚಕ್ರವನ್ನು ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಂಟೆಯಂತೆ ನಾದ ಬರಬೇಕು. ಒಡಕು ಮಡಕೆಯ ಸದ್ದು ಬಂದರೆ ಬಿರುಕಿದೆ, ಅದು ಗುಜರಿಗೇ ಸರಿ.

ಇನ್ನು ಸಮತೂಕದ ವಿಷಯ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಕೆಲವು ಒಂಟಿ ಸಿಲಿಂಡರ್ ಎಂಜಿನ್ನುಗಳಲ್ಲಿ ಪಿಸ್ಟನ್ನು ಮತ್ತು ಕ್ರ್ಯಾಂಕಿನ ತೂಕಕ್ಕೆ ಎದುರು ತೂಕವನ್ನು ಚಕ್ರದ ಅಂಚಿನಲ್ಲೇ ಎರೆದಿರುತ್ತಾರೆ. ಆ ಚಕ್ರ ಒಂದು ಕಡೆ ಭಾರವಾಗಿರುವುದೇ ಸರಿ. ಅದನ್ನು ಸರಿಪಡಿಸಲು ಹೋದರೆ ಎಂಜಿನ್ನೇ ಕುಣಿಯುತ್ತದೆ. ಬೇರೆ ಕೆಲವಕ್ಕೆ ಎದುರು ತೂಕ ಕ್ರ್ಯಾಂಕಿನಲ್ಲೇ ಇರುತ್ತದೆ. ಅವುಗಳ ಚಕ್ರ ಎಲ್ಲಾ ಕಡೆಯೂ ಸಮವಾಗಿರಬೇಕು. ನಿಮ್ಮದು ಯಾವ ಬಗೆಯೆಂದು ಹೇಳುವುದು ಹಳೇ ಚಕ್ರವೇ. ಆದ್ದರಿಂದ ಪರೀಕ್ಷೆ ಮಾಡುವ ತನಕ ಹಳೆಯದನ್ನು ಮಾರಬೇಡಿ.

ಪರೀಕ್ಷೆ ಸುಲಭ. ಎರಡು ನೇರವಾದ ಕಬ್ಬಿಣದ ಪಟ್ಟಿಗಳನ್ನು ಅಂಚು ಮೇಲಾಗಿ ನಿಲ್ಲಿಸಿ ರಸಮಟ್ಟದಿಂದ ಸಮ ಮಾಡಿ. ತೂತಿಗೆ ಸರಿಯಾಗಿ ಲೇತಿನಲ್ಲಿ ಕಡೆದ ಉಕ್ಕಿನ ದಂಡವನ್ನು ಚಕ್ರಕ್ಕೆ ತೂರಿಸಿ, ಪಟ್ಟಿಗಳ ಮೇಲೆ ಉರುಳಬಿಡಿ. ಭಾರದ ಕಡೆ ಕೆಳಗೆ ಬಂದು ನಿಲ್ಲುತ್ತದೆ. ಸೀಮೆಸುಣ್ಣದ ಗುರುತು ಹಾಕಿ, ಅದರ ನೇರ ಮೇಲೆ ಅಂಚಿಗೆ ಜೇಡಿಮಣ್ಣು ಮೆತ್ತುತ್ತ ಹೋಗಿ. ಹೇಗೆ ನಿಲ್ಲಿಸಿದರೂ ಹಾಗೆಯೇ ನಿಂತಾಗ ಮಣ್ಣನ್ನು ತೆಗೆದು ತೂಗಿ. ಹಳೆಯದಕ್ಕೂ ಹೊಸದಕ್ಕೂ ಹೀಗೆ ಮಾಡಿ, ಭಾರದ ಕಡೆ ಕೀ ಗಾಡಿಯಿಂದ ಎಷ್ಟು ದೂರದಲ್ಲಿದೆಯೆಂಬುದನ್ನೂ ಬರೆದುಕೊಳ್ಳಿ. ಎರಡೂ ತಾಳೆಯಾಗಬೇಕು. ಎರಡು ಚಕ್ರದ ಎಂಜಿನ್ನಾದರೆ ಜೋಡಿಯೂ ತಾಳೆಯಾಗಬೇಕು.

ಅಲ್ಪಸ್ವಲ್ಪ ಹೆಚ್ಚುವರಿ ಇದ್ದರೆ ಭಾರದ ಕಡೆ ಅಂಚಿನ ದಪ್ಪ ಭಾಗದಲ್ಲಿ ಕೊರೆಸಬಹುದು. 20 ಮಿಲಿಮೀಟರ್ ಅಗಲ, ಅಷ್ಟೇ ಆಳದ ತೂತಿನಿಂದ ಸುಮಾರು 45 ಗ್ರಾಂ ಹೋಗುತ್ತದೆ. ಕೊರೆದ ಪುಡಿಯನ್ನೇ ತೂಗಿ ನೋಡಿದರೆ ಲೆಕ್ಕ ತಪ್ಪುವುದಿಲ್ಲ. ಕಡ್ಡಿಗಳಿಗೆ ತೂತು ಬೇಡ, ಬೀಡಿಗೆ ತೂಕದ ತುಂಡು ವೆಲ್ಡಿಂಗ್ ಬೇಡ. 100 ಗ್ರಾಂ ಎಷ್ಟರದು ಎಂದು ತಾತ್ಸಾರ ಮಾಡುವವರುಂಟು. ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿರುವ ಆ 100 ಗ್ರಾಂ, 650 ಸುತ್ತಿನಲ್ಲಿ 14 ಕಿಲೋ ತೂಕದಷ್ಟು ಜಗ್ಗುತ್ತದೆ, 1500ರಲ್ಲಿ 75 ಕಿಲೋದಷ್ಟು. ಪ್ರತಿ ಸುತ್ತಿಗೂ ದಿಕ್ಕು ತಿರುಗಿಸಿ ಜಗ್ಗಿದರೆ ತಳದ ಬೋಲ್ಟು ಎಷ್ಟು ದಿನ ತಡೆದೀತು?

ಚಕ್ರ ಕೂರಿಸಿದ ಮೇಲೆ ಮೊದಲ ಸಲ ಓಡಿಸುವಾಗ ಅದರ ಅಂಚಿನ ನೇರಕ್ಕೆ ಯಾರೂ ನಿಲ್ಲಕೂಡದು, ಮಕ್ಕಳಂತೂ ಹತ್ತಿರ ಬರಕೂಡದು. ಒಂದು ಗಂಟೆ ಓಡಿಸಿ ನಿಲ್ಲಿಸಿ, ಕೀ ಸಡಿಲವಾಗಿದೆಯೇ ನೋಡಿ, ಸಡಿಲವಿದ್ದರೆ ಮತ್ತೆ ಹೊಡೆದು ಬಿಗಿ ಮಾಡಿ. ಬೇರೆ ಎಂಜಿನ್ನಿನ ಚಕ್ರದ ಮೇಲಿರುವ ಟೈಮಿಂಗ್ ಗುರುತುಗಳು ನಿಮ್ಮ ಎಂಜಿನ್ನಿಗೆ ಸಲ್ಲವು. ಪಿಸ್ಟನ್ನು ಪೂರ್ತಿ ಮೇಲೆ ಬಂದ ಜಾಗವನ್ನು ಮೆಕ್ಯಾನಿಕ್ಕಿನಿಂದ ಹೊಸದಾಗಿ ಗುರುತು ಹಾಕಿಸಿಕೊಂಡು, ಹಳೆಯ ಗುರುತುಗಳನ್ನು ಅರದಿಂದ ಉಜ್ಜಿಬಿಡಿ.