ಪಟ್ಟಣ ಸಹಕಾರಿ ಬ್ಯಾಂಕುಗಳ ವಿಲೀನ: ವರ್ತಕರು ಅರಿತಿರಬೇಕಾದ ಕಾನೂನು

ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ವರ್ತಕನು ಹಲವು ವೇಳೆ ಏಕಕಾಲಕ್ಕೆ ಠೇವಣಿದಾರ, ಸಾಲಗಾರ ಹಾಗೂ ಷೇರುದಾರ ಸದಸ್ಯನಾಗಿರುತ್ತಾನೆ. ಬ್ಯಾಂಕು ಮತ್ತೊಂದರಲ್ಲಿ ವಿಲೀನಗೊಂಡಾಗ ಈ ಮೂರೂ ನೆಲೆಗಳಲ್ಲಿ ಪರಿಣಾಮ ಬೇರೆ ಬೇರೆ.

ಕಾಯ್ದೆಯ ತಿದ್ದುಪಡಿ

2020ಕ್ಕೆ ಮೊದಲು ರಿಸರ್ವ್ ಬ್ಯಾಂಕಿನ ನಿರಾಕ್ಷೇಪಣೆ ಪಡೆದು, ಸಹಕಾರ ಸಂಘಗಳ ನಿಬಂಧಕರು ವಿಲೀನದ ಆದೇಶ ಹೊರಡಿಸುತ್ತಿದ್ದರು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ, 1949ಕ್ಕೆ 2020ರಲ್ಲಿ ತಂದ ತಿದ್ದುಪಡಿಯಿಂದ ವಿಲೀನದ ಕಲಮುಗಳು ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸಿದವು. ಈಗಿರುವ ಮಾರ್ಗಗಳು ಎರಡು.

1. ಸ್ವಯಂಪ್ರೇರಿತ ವಿಲೀನ (ಕಲಂ 44ಎ): ಸಭೆಯಲ್ಲಿ ಹಾಜರಿರುವ ಷೇರುದಾರರ ಪೈಕಿ, ಷೇರು ಮೌಲ್ಯದ ಮೂರನೇ ಎರಡು ಭಾಗದಷ್ಟು ಬಹುಮತ ಅವಶ್ಯ, ಬಳಿಕ ರಿಸರ್ವ್ ಬ್ಯಾಂಕಿನ ಮಂಜೂರಾತಿ ಬೇಕು. ವಿರೋಧವಾಗಿ ಮತ ನೀಡಿದ ಅಥವಾ ಲಿಖಿತವಾಗಿ ಅಸಮ್ಮತಿ ತಿಳಿಸಿದ ಸದಸ್ಯನು, ರಿಸರ್ವ್ ಬ್ಯಾಂಕು ನಿರ್ಧರಿಸುವ ಷೇರು ಮೌಲ್ಯವನ್ನು ಕೇಳಿ ಪಡೆಯಬಹುದು. ಸಭೆಗೆ ಹೋಗದೆ ಸುಮ್ಮನಿದ್ದವನಿಗೆ ಈ ಹಕ್ಕಿಲ್ಲ. ಬೆಂಗಳೂರಿನ ನ್ಯಾಷನಲ್ ಕೋ-ಆಪರೇಟಿವ್ ಬ್ಯಾಂಕು 2025ರ ಜನವರಿಯಲ್ಲಿ ಪುಣೆಯ ಕಾಸ್ಮೋಸ್ ಕೋ-ಆಪರೇಟಿವ್ ಬ್ಯಾಂಕಿನಲ್ಲಿ ಸೇರಿದ್ದು ಈ ಮಾರ್ಗದಲ್ಲಿ.

2. ಕಡ್ಡಾಯ ವಿಲೀನ (ಕಲಂ 45): ಇಲ್ಲಿ ಷೇರುದಾರರ ಮತದಾನವಿಲ್ಲ. ರಿಸರ್ವ್ ಬ್ಯಾಂಕು ಸಿದ್ಧಪಡಿಸಿದ ಯೋಜನೆಗೆ ಕೇಂದ್ರ ಸರ್ಕಾರ ಮಂಜೂರಾತಿ ನೀಡುತ್ತದೆ. ಸದಸ್ಯರ, ಠೇವಣಿದಾರರ ಹಕ್ಕುಗಳನ್ನು ಯೋಜನೆಯಲ್ಲಿ ಮೊಟಕುಗೊಳಿಸಲೂ ಅವಕಾಶವಿದೆ. 2022ರ ಜನವರಿಯಲ್ಲಿ ಮುಂಬಯಿಯ ಪಿಎಂಸಿ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾದಾಗ, ವಿಮೆಯ ಮಿತಿ ಮೀರಿದ ವೈಯಕ್ತಿಕ ಠೇವಣಿಗಳನ್ನು 10 ವರ್ಷಗಳವರೆಗಿನ ಕಂತುಗಳಿಗೆ ಹಂಚಲಾಯಿತು. ಸಾಂಸ್ಥಿಕ ಠೇವಣಿದಾರರ ವಿಮೆಯಿಲ್ಲದ ಮೊತ್ತದ ಶೇ. 80 ಭಾಗ ಆದ್ಯತಾ ಷೇರುಗಳಾಗಿ ಮಾರ್ಪಟ್ಟಿತು.

ಠೇವಣಿ ವಿಮೆಯ ಲೆಕ್ಕ

2020ರ ಫೆಬ್ರವರಿ 4ರಿಂದ ವಿಮೆಯ ಮಿತಿ ಒಬ್ಬ ಠೇವಣಿದಾರನಿಗೆ, ಒಂದು ಬ್ಯಾಂಕಿಗೆ, ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿ. ಷೇರು ಹಣಕ್ಕೆ ಈ ವಿಮೆ ಇಲ್ಲ. 2021ರ ತಿದ್ದುಪಡಿಯಂತೆ, ಹಣ ಹಿಂಪಡೆಯಲು ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮಾ ಮೊತ್ತ ಠೇವಣಿದಾರನ ಕೈಸೇರಬೇಕು. ವಿಲೀನದ ಯೋಜನೆ ಸೂಕ್ತವೆಂದು ರಿಸರ್ವ್ ಬ್ಯಾಂಕು ಕಂಡರೆ ಮತ್ತೆ 90 ದಿನಗಳವರೆಗೆ ಗಡುವು ಮುಂದೂಡಬಹುದು.

ಏಕಮಾಲೀಕತ್ವದ ಅಂಗಡಿಯ ಖಾತೆಯೂ ಮಾಲೀಕನ ಸ್ವಂತ ಖಾತೆಯೂ ವಿಮೆಯ ದೃಷ್ಟಿಯಲ್ಲಿ ಒಂದೇ. ಪಾಲುದಾರಿಕೆ ಸಂಸ್ಥೆಯ ಖಾತೆ ಮಾತ್ರ ಪ್ರತ್ಯೇಕ.

ಉದಾಹರಣೆ: ಒಬ್ಬ ಅಡಿಕೆ ವರ್ತಕನ ಅಂಗಡಿಯ ಚಾಲ್ತಿ ಖಾತೆಯಲ್ಲಿ 4 ಲಕ್ಷ, ಅದೇ ಬ್ಯಾಂಕಿನಲ್ಲಿ ಸ್ವಂತ ಹೆಸರಿನ ನಿಶ್ಚಿತ ಠೇವಣಿ 3 ಲಕ್ಷ, ಇನ್ನೊಂದು ಸಹಕಾರಿ ಬ್ಯಾಂಕಿನಲ್ಲಿ 3 ಲಕ್ಷ ಇದೆಯೆನ್ನೋಣ. ಒಟ್ಟು 10 ಲಕ್ಷದಲ್ಲಿ ವಿಮೆಯುಳ್ಳದ್ದು 5 + 3 = 8 ಲಕ್ಷ. ಎರಡೂ ಬ್ಯಾಂಕುಗಳು ಒಂದಾದರೆ ವಿಮೆ 5 ಲಕ್ಷ ಮಾತ್ರ. ಠೇವಣಿ ಬದಲಾಗದಿದ್ದರೂ ರಕ್ಷಣೆ 3 ಲಕ್ಷದಷ್ಟು ಕುಗ್ಗಿತು.

ವರ್ತಕರು ಗಮನಿಸಬೇಕಾದುದು

ಅ) ವಿಲೀನದಿಂದ ಸಾಲ ತೀರುವುದಿಲ್ಲ, ಸಾಲ, ಅಡಮಾನ ಎರಡೂ ಹೊಸ ಬ್ಯಾಂಕಿಗೆ ವರ್ಗವಾಗುತ್ತವೆ. ಓವರ್‌ಡ್ರಾಫ್ಟ್ ನವೀಕರಣದ ಷರತ್ತುಗಳನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಆ) ವಿಲೀನದ ಸಭೆಯ ನೋಟೀಸು ಬಂದಾಗ ಯೋಜನೆಯ ಪ್ರತಿಯನ್ನು ಓದಿ, ಸಮ್ಮತಿಯಿಲ್ಲದಿದ್ದರೆ ಸಭೆಯಲ್ಲಿ ಅಥವಾ ಅದಕ್ಕೆ ಮೊದಲೇ ದಾಖಲಿಸಬೇಕು.

ಇ) ಸಂಬಳ ಹಾಗೂ ತೆರಿಗೆ ಪಾವತಿಗೆ ಬೇಕಾದ ಹಣವೆಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ ಇಡಬಾರದು. 90 ದಿನ ಹಣ ಸಿಗದಿದ್ದರೆ ವ್ಯಾಪಾರ ನಡೆದೀತೇ ಎಂಬ ಲೆಕ್ಕವನ್ನು ಬ್ಯಾಂಕು ಸುಸ್ಥಿತಿಯಲ್ಲಿರುವಾಗಲೇ ಹಾಕಿಕೊಳ್ಳುವುದು ವಿವೇಕ.