ಕಣ್ಣಿಗೆ ಬಟ್ಟೆ ಕಟ್ಟುವುದೇಕೆ?

ಪ್ರಶ್ನೆ: ಭೂಕಂಪದಲ್ಲಿ ಕುಸಿದ ಕಟ್ಟಡಗಳಡಿಯಿಂದ ದಿನಗಳ ಮೇಲೆ ಹೊರತೆಗೆದವರ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರಲ್ಲ, ಬೆಳಕು ತಾಗಿದರೆ ಅವರ ದೃಷ್ಟಿ ಹೋಗುತ್ತದೆಯೇ?

ಉತ್ತರ: 2008ರ ಮೇ 12ರಂದು ಚೀನಾದ ಸಿಚುವಾನ್ ಪ್ರಾಂತದಲ್ಲಿ ಭೂಕಂಪವಾದಾಗ ಇಂಥ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು. ಅವುಗಳನ್ನು ನೋಡಿದವರಿಗೆ ನಿಮ್ಮ ಸಂದೇಹ ಬರುವುದು ಸಹಜ. ಕೇಳಿದ್ದು ಒಳ್ಳೆಯದಾಯಿತು.

ಹಗಲಿನ ಬೆಳಕು ತಾಗಿದ ಮಾತ್ರಕ್ಕೆ ದೃಷ್ಟಿ ಹೋಗುವುದಿಲ್ಲ. ಕತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗುತ್ತದೆ, ಒಳಗಿನ ಅಕ್ಷಿಪಟದಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ತುಂಬಿಕೊಳ್ಳುತ್ತದೆ. ಈ ಹೊಂದಾಣಿಕೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಬಹುಪಾಲು ಮುಗಿಯುತ್ತದೆ. ಆಮೇಲೆ ಮೂರು ದಿನ ಕತ್ತಲಲ್ಲಿದ್ದರೂ ಕಣ್ಣು ಇನ್ನಷ್ಟು ಬೆಳಕಿಗೆ ಹೆದರುವಂತಾಗುವುದು ಅಷ್ಟಕ್ಕಷ್ಟೇ. ತಟ್ಟನೆ ಬಿಸಿಲಿಗೆ ಬಂದರೆ ಕಣ್ಣು ಕೋರೈಸುತ್ತದೆ, ನೋಯುತ್ತದೆ. ದೂಳು ತಾಗಿ ಉಜ್ಜಿಹೋದ ಕಣ್ಣಿಗಂತೂ ಆ ನೋವು ಇಮ್ಮಡಿ. ಬಟ್ಟೆ ಆ ಯಾತನೆಯನ್ನು ತಪ್ಪಿಸುತ್ತದೆ, ಮೇಲಿಂದ ಉದುರುವ ಮಣ್ಣನ್ನೂ ತಡೆಯುತ್ತದೆ.

ನಿಜವಾಗಿ ಅಂಜಬೇಕಾದದ್ದು ಆ ದೂಳಿಗೆ. ಅದರಲ್ಲಿರುವ ಸಿಮೆಂಟು, ಸುಣ್ಣ ಎರಡೂ ಕ್ಷಾರ. ಆಮ್ಲ ಬಿದ್ದರೆ ಕಣ್ಣಿನ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ ಅದೇ ಒಂದಿಷ್ಟು ತಡೆಯಾಗುತ್ತದೆ. ಕ್ಷಾರ ಹಾಗಲ್ಲ, ಪದರವನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಅಲ್ಲೇ, ಆಗಲೇ, ಶುದ್ಧ ನೀರನ್ನು ಧಾರಾಳವಾಗಿ ಹರಿಸಿ ತೊಳೆಯಬೇಕು. ಆಸ್ಪತ್ರೆ ಸೇರುವವರೆಗೆ ಕಾಯಬಾರದು.

ಇಲ್ಲಿ ಒಂದು ಗೊಂದಲವಾಗಬಹುದು. ತೊಳೆಯುವ ಮಾತು ದೂಳು, ಸುಣ್ಣಕ್ಕೆ. ಗಾಜಿನ ಚೂರೋ ಕಬ್ಬಿಣದ ತುಂಡೋ ಕಣ್ಣುಗುಡ್ಡೆಗೆ ನಾಟಿದ್ದರೆ ಅದನ್ನು ಕೀಳಲೂಬಾರದು, ಉಜ್ಜಲೂಬಾರದು, ಬಿಗಿಯಾಗಿ ಬಟ್ಟೆ ಕಟ್ಟಲೂಬಾರದು. ಒತ್ತಡ ಬಿದ್ದರೆ ಕಣ್ಣಿನ ಒಳಗಿನದು ಹೊರಬರುವ ಅಪಾಯವಿದೆ. ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ, ಅಂಚು ಸುತ್ತಲ ಮೂಳೆಯ ಮೇಲೆ ಕೂರುವಂತೆ ಮುಚ್ಚಿ, ಬೇಗ ನೇತ್ರವೈದ್ಯರ ಬಳಿಗೆ ಕರೆದೊಯ್ಯಬೇಕು.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಕಣ್ಣಿಗೆ ಏನೂ ತಾಗದೆಯೂ ದೃಷ್ಟಿ ಕೆಡಬಹುದು. ತಲೆಗೆ ಪೆಟ್ಟು ಬಿದ್ದವರಲ್ಲಿ ಅಕ್ಷಿಪಟದ ಮೇಲೆ ಬಿಳಿ ಮಚ್ಚೆಗಳೂ ರಕ್ತಸ್ರಾವವೂ ಕಾಣುವುದನ್ನು ಆಸ್ಟ್ರಿಯಾದ ನೇತ್ರವೈದ್ಯ ಓಟ್ಮರ್ ಪುರ್ಚರ್ 1910ರ ಸುಮಾರಿಗೆ ವಿವರಿಸಿದರು. ಗೋಡೆಯಡಿ ಎದೆ ಜಜ್ಜಿದವರಲ್ಲೂ ಇದು ಕಾಣಿಸಿಕೊಳ್ಳುತ್ತದೆ. ಹೊರಗಿನಿಂದ ಕಣ್ಣು ನಿರ್ಮಲವಾಗಿಯೇ ಇರುತ್ತದೆ. ಹಾಗಾಗಿ ಬದುಕಿ ಬಂದವರು ಮಂಜುಮಂಜು ಎಂದರೆ ದೂಳು ಬಿದ್ದಿರಬೇಕೆಂದು ಸುಮ್ಮನಾಗದೆ, ವೈದ್ಯರಿಂದ ಪಾಪೆ ಹಿಗ್ಗಿಸಿ ಅಕ್ಷಿಪಟದ ಪರೀಕ್ಷೆ ಮಾಡಿಸಬೇಕು.